ಸ್ಟಡ್ ನಿಲ್ಲಬೇಕು, ಕೇಸೂ ಉಳಿಯಬೇಕು

ಮೈಸೂರಿನಲ್ಲಿ ಹಳೆ ಬೈಕ್ ಇಟ್ಟುಕೊಂಡವರ ಮುಂದೆ ಒಂದು ಭಾನುವಾರ ಬೆಳಿಗ್ಗೆ, ಎಂಜಿನ್ ಸ್ಟಡ್‌ಗೆ ಹಾಕುವ ಅಂಟಿನ ಬಗ್ಗೆ ಆಡಿದ ಮಾತು ಇದು. ಅಂದು ಬರಲಾಗದ ಕೆಲವರು ಬರೆದು ಕೊಡಿ ಎಂದು ಕೇಳಿದರು. ಕೊನೆಯಲ್ಲಿ ಬಂದ ಪ್ರಶ್ನೆಗಳನ್ನೂ ಸೇರಿಸಿದ್ದೇನೆ.

ಎಲ್ಲರಿಗೂ ನಮಸ್ಕಾರ.

ಮೊದಲು ಈ ಸ್ಟಡ್ ನೋಡಿ, ಎರಡೂ ತುದಿಗೆ ಥ್ರೆಡ್ ಇರುವ, ತಲೆ ಇಲ್ಲದ ಬೋಲ್ಟ್. ಕೈಯಿಂದ ಕೈಗೆ ದಾಟಿಸಿ, ಎಲ್ಲರೂ ಹತ್ತಿರದಿಂದ ನೋಡಲಿ. ಒಂದು ತುದಿಯ ಥ್ರೆಡ್‌ಗಳ ನಡುವೆ ಬೆಳ್ಳಿ ಬಣ್ಣದ ತಂತಿ ಸುತ್ತಿದ ಹಾಗೆ ಕಾಣುತ್ತದೆ. ಅದು ತಂತಿ ಅಲ್ಲ. ಅದು ನನ್ನ ಯೆಜ್ಡಿ ರೋಡ್‌ಕಿಂಗ್‌ನ ಕ್ರ್ಯಾಂಕ್‌ಕೇಸ್‌ನ, ಅಂದರೆ ಎಂಜಿನ್‌ನ ಕೆಳಗಿನ ಅಲ್ಯೂಮಿನಿಯಂ ಪೆಟ್ಟಿಗೆಯ ಥ್ರೆಡ್. ಸ್ಟಡ್ ಬಿಚ್ಚುವಾಗ ಅಲ್ಯೂಮಿನಿಯಂ ಸಮೇತ ಕಿತ್ತು ಬಂತು.

ಏನಾಗಿತ್ತು ಅಂದರೆ, ಎಂಟು ವರ್ಷದ ಹಿಂದೆ ಒಂದು ಗ್ಯಾರೇಜ್‌ನಲ್ಲಿ ಎಂಜಿನ್ ಪೂರ್ತಿ ಬಿಚ್ಚಿ ಕಟ್ಟಿಸಿದ್ದೆ. ಅಲ್ಲಿನ ಹುಡುಗ ಕಾಳಜಿಯಿಂದಲೇ ಕೆಲಸ ಮಾಡಿದ. ಲೂಸ್ ಆಗಬಾರದು ಅಂತ ಎಲ್ಲ ಸ್ಟಡ್‌ಗೂ ಕೆಂಪು ಥ್ರೆಡ್‌ಲಾಕರ್, ಅಂದರೆ ಥ್ರೆಡ್ ತಿರುಗದಂತೆ ಹಿಡಿಯುವ ಅಂಟು, ಹಾಕಿದ. ಎಂಟು ವರ್ಷ ಒಂದೂ ಲೂಸ್ ಆಗಲಿಲ್ಲ. ಮತ್ತೆ ಬೋರ್, ಅಂದರೆ ಸಿಲಿಂಡರ್, ಬಿಚ್ಚಿದಾಗ ಒಂದು ಸ್ಟಡ್ ಬಾಗಿರುವುದು ಕಂಡಿತು. ಅದನ್ನು ಬದಲಿಸಲು ಹೋದಾಗ ಹೀಗಾಯಿತು. ಅಂಟು ಸೋಲಲಿಲ್ಲ, ಕೇಸ್ ಸೋತಿತು.

ಇವತ್ತಿನ ಮಾತೆಲ್ಲ ಈ ಸ್ಟಡ್‌ನಿಂದಲೇ ಹುಟ್ಟಿದ್ದು. ಯಾವ ಅಂಟು ಜಾಸ್ತಿ ಗಟ್ಟಿ ಅನ್ನುವುದು ನನ್ನ ಪ್ರಶ್ನೆ ಅಲ್ಲ. ಮುಂದೆ ಯಾರೋ ಒಬ್ಬರು ಇದನ್ನು ಬಿಚ್ಚುತ್ತಾರೆ. ಅವತ್ತು ಮೊದಲು ಸೋಲುವುದು ಅಂಟೋ, ಕೇಸೋ? ಇದು ನನ್ನ ಪ್ರಶ್ನೆ.

ಕೇಸ್ ಬಗ್ಗೆ ಯಾಕೆ ಇಷ್ಟು ಒತ್ತಿ ಹೇಳುತ್ತಿದ್ದೇನೆ ಅಂದರೆ, ಅದು ಮತ್ತೆ ಸಿಗುವ ಸಾಮಾನಲ್ಲ. ಐಡಿಯಲ್ ಜಾವಾ ಕಾರ್ಖಾನೆ ಇಲ್ಲೇ ಯಾದವಗಿರಿಯಲ್ಲಿ 1961ರಿಂದ ಜಾವಾ, ಆಮೇಲೆ ಯೆಜ್ಡಿ ಬೈಕ್ ಮಾಡಿತು, 1996ರಲ್ಲಿ ಮುಚ್ಚಿತು. ಪಿಸ್ಟನ್, ರಿಂಗ್, ಸ್ಟಡ್, ಗ್ಯಾಸ್ಕೆಟ್ ಇವೆಲ್ಲ ಇವತ್ತಿಗೂ ಹೊರಗಿನವರು ಮಾಡಿದ್ದು ಸಿಗುತ್ತವೆ. ಕ್ರ್ಯಾಂಕ್‌ಕೇಸ್ ಹಾಗಲ್ಲ. ಎರಡೂ ಅರ್ಧಗಳನ್ನು ಜೋಡಿಯಾಗಿ ಕೊರೆದಿರುತ್ತಾರೆ, ಒಂದು ಹೋದರೆ ಇನ್ನೊಂದು ಬೈಕಿನ ಅರ್ಧ ತಂದು ಕೂರಿಸುವುದು ಸರಿಬರುವುದಿಲ್ಲ. ಮೇಲಾಗಿ ಎಂಜಿನ್ ನಂಬರ್ ಇರುವುದು ಕೇಸಿನ ಮೇಲೆ. ಆರ್‌ಸಿ ಪುಸ್ತಕದಲ್ಲಿ ಇರುವುದೂ ಅದೇ ನಂಬರ್. ಕೇಸ್ ಬದಲಾದರೆ ಆರ್‌ಟಿಒ ಓಡಾಟ ಬೇರೆ. ಅಪ್ಪ ಓಡಿಸಿದ ಬೈಕ್ ಅಂತ ಇಟ್ಟುಕೊಂಡವರಿಗೆ ಆ ನಂಬರ್ ಎಷ್ಟು ಮುಖ್ಯ ಅಂತ ನಾನು ಹೇಳಬೇಕಾಗಿಲ್ಲ.

ಇನ್ನು ಸ್ಟಡ್ ಮಾಡುವ ಕೆಲಸ ನೋಡೋಣ. ಬೋಲ್ಟ್ ಇರುವ ಕಡೆ ಪ್ರತಿ ಸಲ ಬಿಚ್ಚಿದಾಗಲೂ ಅಲ್ಯೂಮಿನಿಯಂ ಥ್ರೆಡ್ ಸವೆಯುತ್ತದೆ. ಸ್ಟಡ್ ಇದ್ದರೆ ಹಾಗಾಗುವುದಿಲ್ಲ. ಅದು ಕೇಸಿನಲ್ಲಿ ಒಂದು ಸಲ ಕೂತರೆ ಅಲ್ಲೇ ಇರುತ್ತದೆ, ನಾವು ಬಿಚ್ಚುವುದು ಮೇಲಿನ ನಟ್ ಮಾತ್ರ. ಸ್ಟೀಲಿನ ಮೇಲೆ ಸ್ಟೀಲ್ ಉಜ್ಜುತ್ತದೆ, ಕೇಸಿಗೆ ಏನೂ ಆಗುವುದಿಲ್ಲ. ಆದರೆ ನಟ್ ತುಕ್ಕು ಹಿಡಿದು ಬಿಗಿಯಾಗಿದ್ದು, ಕೆಳಗೆ ಸ್ಟಡ್ ಸಡಿಲವಾಗಿದ್ದರೆ? ನಟ್ ತಿರುಗಿಸಿದಾಗ ಸ್ಟಡ್ಡೇ ಕಳಚಿ ಬರುತ್ತದೆ. ಕೇಸಿನ ಕಡೆ ಅಂಟು ಬೇಕಾಗುವುದು ಇದನ್ನು ತಡೆಯುವುದಕ್ಕೆ. ಇನ್ನೊಂದು ಲಾಭ, ಥ್ರೆಡ್‌ಗಳ ನಡುವಿನ ಸಂದು ತುಂಬಿಕೊಳ್ಳುತ್ತದೆ. ಅಲ್ಯೂಮಿನಿಯಂ ಮತ್ತು ಸ್ಟೀಲ್ ಒಟ್ಟಿಗಿರುವಲ್ಲಿ ತೇವ ಸೇರಿದರೆ ಬಿಳಿ ಪುಡಿ ಕಟ್ಟುತ್ತದೆ, ನೋಡಿರುತ್ತೀರಿ. ಮಂಗಳೂರು, ಉಡುಪಿ ಕಡೆಯ ಬೈಕುಗಳಲ್ಲಿ, ಮಲೆನಾಡಿನ ಮಳೆಯಲ್ಲಿ ನಿಂತ ಬೈಕುಗಳಲ್ಲಿ ಇದು ಜಾಸ್ತಿ. ಅಂಟು ಆ ತೇವಕ್ಕೆ ದಾರಿ ಕೊಡುವುದಿಲ್ಲ.

ಇಲ್ಲಿ ಒಂದು ತಪ್ಪು ತಿಳಿವಳಿಕೆ ಇದೆ, ಸ್ವಲ್ಪ ನಿಂತು ಹೇಳುತ್ತೇನೆ. ಥ್ರೆಡ್‌ಲಾಕರ್ ತಡೆಯುವುದು ಸ್ಟಡ್ ತಿರುಗುವುದನ್ನು. ಸ್ಟಡ್ ಮೇಲಕ್ಕೆ ಕಿತ್ತು ಬರದಂತೆ ಹಿಡಿಯುವುದು ಥ್ರೆಡ್‌ನ ಕೆಲಸ, ಅಂಟಿನ ಕೆಲಸ ಅಲ್ಲ. ಆ ಎಳೆತ ಎಷ್ಟಿರುತ್ತದೆ ಅಂತ ಒಂದು ಲೆಕ್ಕ ಹಾಕೋಣ. ಅಲ್ಯೂಮಿನಿಯಂ ಬೋರ್ ಇರುವ ಎಂಜಿನ್ ಅಂದುಕೊಳ್ಳಿ, ಬೋರಿನ ಎತ್ತರ 100 ಮಿ.ಮೀ. ತಣ್ಣಗಿದ್ದದ್ದು 120 ಡಿಗ್ರಿ ಏರಿತು. ಅಲ್ಯೂಮಿನಿಯಂ ಸುಮಾರು 0.28 ಮಿ.ಮೀ. ಬೆಳೆಯುತ್ತದೆ, ಸ್ಟೀಲ್ ಸ್ಟಡ್ ಅದರ ಅರ್ಧ ಮಾತ್ರ ಬೆಳೆಯುತ್ತದೆ. ಉಳಿದ 0.14 ಮಿ.ಮೀ. ಸ್ಟಡ್ ಹಿಗ್ಗಿ ಹೊಂದಿಕೊಳ್ಳಬೇಕು. ಕೇಳಲು ಕೂದಲೆಳೆಯಷ್ಟು ಅನ್ನಿಸಬಹುದು. ಆದರೆ ನಟ್ ಟೈಟ್ ಮಾಡಿದ ಎಳೆತದ ಮೇಲೆ ಇದೂ ಸೇರಿ ಪೂರಾ ಭಾರ ಕೇಸಿನ ಥ್ರೆಡ್ ಮೇಲೆ ಬೀಳುತ್ತದೆ. ಪ್ರತಿ ಸಲ ಬಿಸಿಯಾದಾಗಲೂ. ಹಳೆ ಕಾಸ್ಟ್ ಐರನ್ ಬುಲೆಟ್‌ನಲ್ಲಿ ಈ ತೊಂದರೆ ಕಡಿಮೆ, ಯಾಕೆಂದರೆ ಅದರ ಬೋರಿನ ಬೀಡುಕಬ್ಬಿಣವೂ ಸ್ಟೀಲೂ ಹೆಚ್ಚುಕಮ್ಮಿ ಒಂದೇ ಸಮ ಬೆಳೆಯುತ್ತವೆ.

ಹಾಗಾಗಿ ಥ್ರೆಡ್ ಅರ್ಧ ಹೋಗಿದೆ, ಗಟ್ಟಿ ಅಂಟು ಹಾಕಿ ನಿಲ್ಲಿಸೋಣ ಅನ್ನುವುದು ಆಗದ ಮಾತು. ಅಲ್ಯೂಮಿನಿಯಂನಲ್ಲಿ ಸ್ಟಡ್ ತನ್ನ ದಪ್ಪದ ಒಂದೂವರೆಯಿಂದ ಎರಡರಷ್ಟು ಆಳ ಕೂರಬೇಕು. 8 ಎಂಎಂ ಸ್ಟಡ್ ಆದರೆ 12ರಿಂದ 16 ಮಿ.ಮೀ. ಅಷ್ಟು ಒಳ್ಳೆಯ ಥ್ರೆಡ್ ಇಲ್ಲದಿದ್ದರೆ ಬಾಟಲಿ ಪಕ್ಕಕ್ಕಿಡಿ, ಲೇತ್ ಅಂಗಡಿಗೆ ಹೋಗಿ. ಹೆಲಿಕಾಯಿಲ್, ಅಂದರೆ ಹೊಸ ಥ್ರೆಡ್ ಆಗಿ ಕೂರುವ ತಂತಿ ಸುರುಳಿ ಹಾಕಿಸಿ, ಇಲ್ಲವೇ ಕೆಳಗಿನ ತುದಿ ದಪ್ಪ ಇರುವ ಸ್ಟಡ್ ಮಾಡಿಸಿ. ಬ್ರಿಟಿಷ್ ಬೈಕ್ ಇಟ್ಟುಕೊಂಡವರು ಇನ್ನೂ ಹುಷಾರಾಗಿರಬೇಕು. ವಿಟ್‌ವರ್ತ್ ಥ್ರೆಡ್‌ನ ಕೋನ 55 ಡಿಗ್ರಿ, ಮೆಟ್ರಿಕ್‌ನದು 60. ಹತ್ತಿರದ ಅಳತೆಯ ಮೆಟ್ರಿಕ್ ಸ್ಟಡ್ ಎರಡು ಸುತ್ತು ಹೋಗುತ್ತದೆ, ಆಮೇಲೆ ಕೇಸನ್ನು ಕೊಯ್ಯುತ್ತಾ ಹೋಗುತ್ತದೆ. ಯಾವ ಅಂಟೂ ಅದನ್ನು ಸರಿ ಮಾಡಲಾರದು.

ಈಗ ಬಾಟಲಿಗೆ ಬರೋಣ. ಇದರ ಕಥೆ ನನಗೆ ಬಹಳ ಇಷ್ಟ. ಅಮೆರಿಕದ ಹಾರ್ಟ್‌ಫರ್ಡ್‌ನಲ್ಲಿ ಟ್ರಿನಿಟಿ ಕಾಲೇಜ್ ಇದೆ. ಅಲ್ಲಿ ವರ್ನನ್ ಕ್ರೀಬಲ್ ಅಂತ ಕೆಮಿಸ್ಟ್ರಿ ಮೇಷ್ಟ್ರು. ಅವರ ಮಗ ರಾಬರ್ಟ್ ಜನರಲ್ ಎಲೆಕ್ಟ್ರಿಕ್‌ನಲ್ಲಿ ಕೆಲಸ ಮಾಡುತ್ತಿದ್ದರು. ಆ ಕಂಪನಿಯವರ ಹತ್ತಿರ ಒಂದು ವಿಚಿತ್ರ ದ್ರವ ಇತ್ತು. ಗಾಳಿ ತಾಗುತ್ತಿದ್ದರೆ ನೀರಾಗಿಯೇ ಇರುತ್ತದೆ, ಗಾಳಿ ತಪ್ಪಿದರೆ ಗಟ್ಟಿ. ಅದನ್ನು ದ್ರವವಾಗಿ ಇಡಬೇಕಾದರೆ ಸದಾ ಗಾಳಿಯ ಗುಳ್ಳೆ ಬಿಡುತ್ತಲೇ ಇರಬೇಕು. ಅಂಥದ್ದನ್ನು ಅಂಗಡಿಯಲ್ಲಿಟ್ಟು ಮಾರುವುದು ಹೇಗೆ? 1953ರಲ್ಲಿ ಅಪ್ಪ ಕ್ರೀಬಲ್ ಸುಮ್ನೆ ಇಟ್ಟರೂ ಕೆಡದ ಮಿಶ್ರಣ ಮಾಡಿದರು. ಪಾಲಿಥೀನ್ ಬಾಟಲಿಯ ಗೋಡೆ ಮೂಲಕ ಆಮ್ಲಜನಕ ಒಳಗೆ ಹೋಗುತ್ತದೆ, ಅದಕ್ಕೇ ಅಂಥ ಬಾಟಲಿಯಲ್ಲಿ ಪೂರ್ತಿ ತುಂಬಿಸದೆ ಇಟ್ಟರು. 1956ರಲ್ಲಿ ಅದು ಲಾಕ್‌ಟೈಟ್ ಹೆಸರಿನಲ್ಲಿ ಹೊರಬಂತು. ಇವತ್ತಿಗೂ ಹೊಸ ಬಾಟಲಿ ಅರ್ಧ ಖಾಲಿ ಕಾಣುವುದು ಇದಕ್ಕೇ. ಅಂಗಡಿಯವರು ಮೋಸ ಮಾಡಿದ್ದಲ್ಲ, ಆ ಗಾಳಿಯೇ ಅದರ ಜೀವ.

ನಮ್ಮ ಜಾವಾದ ಮೂಲ ಮಾದರಿ 353 ಜೆಕ್ ನಾಡಿನಲ್ಲಿ ಶುರುವಾದದ್ದು 1954ರಲ್ಲಿ. ಅಂದರೆ ಆ ಎಂಜಿನ್ ನಕ್ಷೆಯಲ್ಲಿದ್ದಾಗ ಈ ಬಾಟಲಿ ಪೇಟೆಯಲ್ಲೇ ಇರಲಿಲ್ಲ. ಆ ಕಾಲದ ಸ್ಟಡ್‌ಗಳು ನಿಲ್ಲುತ್ತಿದ್ದದ್ದು ಥ್ರೆಡ್‌ನ ಬಿಗಿ ಅಳತೆಯಿಂದ. ಅಂಟು ಅಂದರೆ ಹೆಚ್ಚೆಂದರೆ ಶೆಲಾಕ್, ಅದೇ ನಮ್ಮ ಅರಗಿನಿಂದ ಮಾಡಿದ್ದು. ಹಾಗಾಗಿ ಒಳ್ಳೆಯ ಥ್ರೆಡ್ ಇದ್ದರೆ ಈ ಎಂಜಿನ್‌ಗಳು ತುಂಬ ಬಲದ ಅಂಟನ್ನು ಕೇಳುವುದೇ ಇಲ್ಲ.

ಅಂಟು ಗಟ್ಟಿಯಾಗಲು ಎರಡು ಬೇಕು. ಗಾಳಿ ಇರಬಾರದು, ಲೋಹ ಇರಬೇಕು. ಲೋಹದಲ್ಲೂ ತಾಮ್ರ, ಹಿತ್ತಾಳೆ, ಸಾದಾ ಸ್ಟೀಲ್ ಇದ್ದರೆ ಬೇಗ ಹಿಡಿಯುತ್ತದೆ. ಸ್ಟೇನ್‌ಲೆಸ್ ಸ್ಟೀಲ್ ಅಥವಾ ಜಿಂಕ್ ಪ್ಲೇಟಿಂಗ್ ಇದ್ದರೆ ನಿಧಾನ. ಅಲ್ಯೂಮಿನಿಯಂ ಕೂಡ ನಿಧಾನದ ಗುಂಪಿಗೇ ಸೇರಿದ್ದು. ನಮ್ಮಲ್ಲಿ ಕೇಸ್ ಅಲ್ಯೂಮಿನಿಯಂ. ಸ್ಟಡ್ ಸಾದಾ ಸ್ಟೀಲ್ ಆದರೆ ಒಂದು ಕಡೆಯಾದರೂ ಸಹಾಯ ಸಿಗುತ್ತದೆ. ಬೆಂಗಳೂರಿನ ಜೆ.ಸಿ. ರಸ್ತೆಯಿಂದ ಮಿನುಗುವ ಪ್ಲೇಟಿಂಗ್ ಸ್ಟಡ್ ತಂದರೆ ಎರಡೂ ಕಡೆ ಇಲ್ಲ. ಆಗ ಅಂಟು ಬೇಗ ಹಿಡಿಯಲು ಮೊದಲೇ ಹೊಡೆಯುವ ಆಕ್ಟಿವೇಟರ್ ಸ್ಪ್ರೇ ಬೇಕು. ಇಲ್ಲದಿದ್ದರೆ ಮೂರು ದಿನ ಬಿಟ್ಟರೂ ಒಳಗೆ ಹಸಿಯಾಗಿಯೇ ಉಳಿಯಬಹುದು. ಹೆಲಿಕಾಯಿಲ್ ಸ್ಟೇನ್‌ಲೆಸ್ ಸುರುಳಿ, ಅದಕ್ಕೂ ಇದೇ ಮಾತು.

ಯಾವುದನ್ನು ಕೊಳ್ಳಬೇಕು? ದಯವಿಟ್ಟು ಬಣ್ಣ ನೋಡಿ ಕೊಳ್ಳಬೇಡಿ. ನೇರಳೆ ಕಡಿಮೆ ಬಲ, ನೀಲಿ ಮಧ್ಯಮ, ಕೆಂಪು ಜಾಸ್ತಿ ಅನ್ನುವುದು ಸಾಮಾನ್ಯವಾಗಿ ಸರಿ. ಆದರೆ ಹಸಿರು ಬಂದಾಗ ಲೆಕ್ಕ ತಪ್ಪುತ್ತದೆ. ಲಾಕ್‌ಟೈಟ್ 290 ಹಸಿರು, ಜೋಡಿಸಿದ ಮೇಲೆ ಸಂದಿಗೆ ಇಳಿಯುವ ತೆಳ್ಳಗಿನ ಅಂಟು. 270 ಕೂಡ ಹಸಿರು, ಅದು ಪೂರ್ತಿ ಬಲದ್ದು. ಎರಡನ್ನೂ ಹಸಿರು ಕೊಡಿ ಅಂತ ಕೇಳಿದರೆ ಅಂಗಡಿಯವರು ಏನು ಕೊಡಬೇಕು ಹೇಳಿ. ನಂಬರ್ ಕೇಳಿ. ಚೆನ್ನೈನ ಅನಾಬಾಂಡ್‌ನಂಥ ನಮ್ಮ ದೇಶದ ಬ್ರ್ಯಾಂಡ್‌ಗಳೂ ಇವೆ, ಅವುಗಳ ನಂಬರ್‌ಗಳೇ ಬೇರೆ. ಬಾಟಲಿಯ ಮೇಲೆ ಬಲ, ಬಿಸಿಯ ಮಿತಿ, ಎಷ್ಟು ಅಳತೆಯ ಥ್ರೆಡ್‌ಗೆ ಅನ್ನುವುದನ್ನು ಓದಿ ತೆಗೆದುಕೊಳ್ಳಿ.

ಬೋರ್ ಸ್ಟಡ್‌ನ ಕೇಸ್ ಕಡೆಗೆ ನಾನು ಹಾಕುವುದು ಮಧ್ಯಮ ಬಲದ ಲಾಕ್‌ಟೈಟ್ 243. ಬೇರೆ ಯಾವುದೂ ಅಲ್ಲ. ಅದು 180 ಡಿಗ್ರಿವರೆಗೆ ತಡೆಯುತ್ತದೆ, ಕ್ರ್ಯಾಂಕ್‌ಕೇಸ್ ಅದರ ಹತ್ತಿರಕ್ಕೂ ಹೋಗುವುದಿಲ್ಲ. ಸ್ವಲ್ಪ ಎಣ್ಣೆ ಅಂಶ ಉಳಿದಿದ್ದರೂ ಹಿಡಿಯುತ್ತದೆ, ಹಳೆ ಕೇಸಿನ ಸಣ್ಣ ರಂಧ್ರಗಳಿಂದ ಎಣ್ಣೆ ಎಷ್ಟು ಸಲ ಒರೆಸಿದರೂ ಜಿನುಗುತ್ತಲೇ ಇರುತ್ತದಲ್ವಾ. ಎಲ್ಲಕ್ಕಿಂತ ಮುಖ್ಯ, ಮುಂದೆ ಬಿಚ್ಚುವವರು ಸಾಮಾನ್ಯ ಸ್ಪ್ಯಾನರ್ ಹಿಡಿದು, ಬೆಂಕಿ ಇಲ್ಲದೆ ಬಿಚ್ಚಬಹುದು. 271ನಂಥ ಕೆಂಪನ್ನು ಬಿಚ್ಚಲು ಸುಮಾರು 250 ಡಿಗ್ರಿ ಬಿಸಿ ಮಾಡಿ, ಬಿಸಿ ಇರುವಾಗಲೇ ತಿರುಗಿಸಬೇಕು. ಅಷ್ಟು ಬಿಸಿ ತಾಗಿದರೆ ಹಳೆ ಅಲ್ಯೂಮಿನಿಯಂ ಮೆತ್ತಗಾಗುತ್ತದೆ, ಹತ್ತಿರದ ಆಯಿಲ್ ಸೀಲ್ ಸುಡುತ್ತದೆ. ಕೆಂಪು ಅಂಟು ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. ದಪ್ಪ ಸ್ಟೀಲಿನೊಳಗೆ ಸ್ಟೀಲ್ ಕೂರುವ ಕಡೆ ಅದು ಚೆನ್ನಾಗಿಯೇ ಕೆಲಸ ಮಾಡುತ್ತದೆ. ಎಪ್ಪತ್ತರ ದಶಕದ ಅಲ್ಯೂಮಿನಿಯಂ ಅದರ ಜಾಗ ಅಲ್ಲ.

ಎಕ್ಸಾಸ್ಟ್ ಕಡೆ ಯಾವ ಥ್ರೆಡ್‌ಲಾಕರೂ ಬೇಡ. ಅಲ್ಲಿನ ಬಿಸಿಗೆ ಅದು ಸುಟ್ಟು ಪುಡಿಯಾಗುತ್ತದೆ. ಯೆಜ್ಡಿ ಇರುವವರಿಗೆ ಎರಡು ಸೈಲೆನ್ಸರಿನ ರಿಂಗ್ ನಟ್ ಲೂಸ್ ಆಗುವ ಕಿರಿಕಿರಿ ಗೊತ್ತು. ಅದಕ್ಕೆ ಅಂಟು ಹಾಕಿ ಪ್ರಯೋಜನ ಇಲ್ಲ. ಹೊಸ ಗ್ಯಾಸ್ಕೆಟ್ ಹಾಕಿ, ಒಂದು ರೌಂಡ್ ಓಡಿಸಿ, ಬಿಸಿ ಇರುವಾಗ ಕೊಕ್ಕೆ ಸ್ಪ್ಯಾನರಿನಿಂದ ಇನ್ನೊಮ್ಮೆ ಟೈಟ್ ಮಾಡಿ.

ಈಗ ಹಾಕುವ ಕೆಲಸ. ನಿಜ ಹೇಳಬೇಕೆಂದರೆ ಯಾವ ಬಾಟಲಿ ಅನ್ನುವುದಕ್ಕಿಂತ ಇದೇ ದೊಡ್ಡದು. ತೂತಿನ ಒಳಗಿನ ಹಳೆ ಅಂಟು, ಎಣ್ಣೆ, ಬಿಳಿ ಪುಡಿ ಎಲ್ಲ ಹೋಗಬೇಕು. ಹಳೆ ಥ್ರೆಡ್ ಕ್ಲೀನ್ ಮಾಡಲು ಕೊರೆಯುವ ಹರಿತ ಟ್ಯಾಪ್ ಬಿಡಬೇಡಿ. ಅದು ಕಸದ ಜೊತೆ ಅಲ್ಯೂಮಿನಿಯಂ ಅನ್ನೂ ತೆಗೆಯುತ್ತದೆ, ಥ್ರೆಡ್ ಇನ್ನಷ್ಟು ಸಡಿಲ. ಅದರ ಬದಲು ಹಳೆಯ ಒಳ್ಳೆ ಸ್ಟಡ್ ಒಂದಕ್ಕೆ ಉದ್ದಕ್ಕೆ ಗರಗಸದಿಂದ ಎರಡು ಗೀರು ಹಾಕಿ, ಅದನ್ನೇ ಕೈಯಿಂದ ತಿರುಗಿಸಿ ಒಳಗಿನ ಕಸ ತೆಗೆಯಿರಿ. ಆಮೇಲೆ ಅಸಿಟೋನ್ ಇಲ್ಲವೇ ಬ್ರೇಕ್ ಕ್ಲೀನರ್. ಸೀಮೆಎಣ್ಣೆ, ಡೀಸೆಲ್ ಬೇಡ, ಅವು ತೆಳ್ಳಗೆ ಜಿಡ್ಡು ಬಿಟ್ಟು ಹೋಗುತ್ತವೆ. ಒಣಗಲು ಬಿಡಿ.

ತೂತು ಕುರುಡೋ, ಆಚೆ ಬದಿಗೆ ತೆರೆದಿದೆಯೋ ನೋಡಿ. ಕುರುಡು ತೂತಿನ ತಳದಲ್ಲಿ ಎಣ್ಣೆಯೋ ಅಂಟೋ ನಿಂತಿದ್ದರೆ ಸ್ಟಡ್ ಪಂಪಿನ ಹಾಗೆ ಅದನ್ನು ಒತ್ತುತ್ತದೆ. ದ್ರವ ಕುಗ್ಗುವುದಿಲ್ಲ, ಕೇಸ್ ಬಿರುಕು ಬಿಡುತ್ತದೆ. ಒಳಗಿನ ಥ್ರೆಡ್‌ಗೆ ಒಂದೆರಡು ಹನಿ ಸಾಕು. ಆಚೆ ತೆರೆದ ತೂತಾದರೆ ಸ್ಟಡ್ ಮೇಲೆ ಹಾಕಿ. ಟೂ ಸ್ಟ್ರೋಕ್‌ನಲ್ಲಿ ತೂತು ಕ್ರ್ಯಾಂಕ್ ಕೋಣೆಗೆ ತೆರೆದಿದ್ದರೆ ಸುತ್ತಲೂ ಒಂದು ಉಂಗುರದ ಹಾಗೆ ಪೂರ್ತಿ ಬಳಿಯಿರಿ. ಅಲ್ಲಿ ಸಂದು ಉಳಿದರೆ ಹೊರಗಿನ ಗಾಳಿ ಎಳೆದುಕೊಂಡು ಮಿಶ್ರಣದಲ್ಲಿ ಪೆಟ್ರೋಲ್ ಕಡಿಮೆಯಾಗುತ್ತದೆ, ಪಿಸ್ಟನ್ ಬಿಸಿಯಾಗಿ ಸೀಜ್ ಆಗುತ್ತದೆ. ಕಾರ್ಬುರೇಟರ್ ಎಷ್ಟು ಟ್ಯೂನ್ ಮಾಡಿದರೂ ಸರಿಹೋಗದ ಬೈಕಿನಲ್ಲಿ ಇದನ್ನೂ ಒಮ್ಮೆ ನೋಡಿ.

ಸ್ಟಡ್ ಅನ್ನು ಕೈಯಲ್ಲೇ ತಿರುಗಿಸಿ ಕೂರಿಸಿ, ಕೊನೆಗೆ ಎರಡು ನಟ್ ಒಂದಕ್ಕೊಂದು ಲಾಕ್ ಮಾಡಿ ಹಗುರವಾಗಿ ಒಂದು ಸಲ ಬಿಗಿ ಮಾಡಿ, ಅಷ್ಟೇ. ತಳಕ್ಕೆ ಗುದ್ದುವ ಹಾಗೆ ಟೈಟ್ ಮಾಡಬೇಡಿ, ಬೇಕಾದ ಎಳೆತ ಮೇಲಿನ ನಟ್ ಕೊಡುತ್ತದೆ. ಎತ್ತರ ವರ್ನಿಯರ್‌ನಲ್ಲಿ ಅಳೆಯಿರಿ, ನಾಲ್ಕೂ ಒಂದೇ ಇರಲಿ. ಅಂಟು ಹಸಿ ಇರುವಾಗಲೇ ಬೋರ್ ಇಳಿಸಿ ನೋಡಿ, ಸ್ಟಡ್‌ಗಳು ನೇರ ನಿಂತಿವೆಯೇ ಅಂತ ಗೊತ್ತಾಗುತ್ತದೆ. ಆಮೇಲೆ ಬೋರ್ ತೆಗೆದು 24 ಗಂಟೆ ಹಾಗೇ ಬಿಡಿ. ಹತ್ತು ನಿಮಿಷಕ್ಕೆ ಹಿಡಿಯುತ್ತದೆ ಅಂತ ಬಾಟಲಿಯಲ್ಲಿ ಬರೆದದ್ದು ಸ್ಟೀಲಿಗೆ, ನಮ್ಮ ಕೇಸಿಗೆ ಅಲ್ಲ. ಮೇಲಿನ ನಟ್ ಕಡೆಗೆ ಅಂಟು ಬೇಡ.

ಪ್ರಶ್ನೆಗಳಲ್ಲಿ ಮೊದಲನೆಯದು, ಸ್ಪ್ರಿಂಗ್ ವಾಷರ್ ಇದ್ದರೆ ಸಾಲದೇ ಸರ್ ಅಂತ. 1969ರಲ್ಲಿ ಗೆರ್ಹಾರ್ಡ್ ಯುಂಕರ್ ಅನ್ನುವ ಜರ್ಮನ್ ಎಂಜಿನಿಯರ್ ಒಂದು ಪರೀಕ್ಷೆಯ ವಿವರ ಬರೆದರು. ಬೋಲ್ಟ್‌ಗೆ ಅಡ್ಡಡ್ಡ ಅಲುಗಾಟ ಕೊಟ್ಟರೆ ಅದು ತಾನಾಗಿ ಕಳಚಿಕೊಳ್ಳುತ್ತದೆ ಎಂದು ತೋರಿಸಿದರು. ಅಂಥ ಪರೀಕ್ಷೆಯಲ್ಲಿ ಸ್ಪ್ರಿಂಗ್ ವಾಷರ್ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಸರಿಯಾದ ಎಳೆತ ಇರುವ ನಟ್ ನಿಲ್ಲುತ್ತದೆ. ಆದ್ದರಿಂದ ಎಷ್ಟು ಬಿಗಿ ಅಂತ ಅಳೆದು ತೋರಿಸುವ ಟಾರ್ಕ್ ರೆಂಚ್ ಕೊಳ್ಳಿ.

ಫೆವಿಕ್ವಿಕ್, ಅರಾಲ್ಡೈಟ್ ಹಾಕಬಹುದೇ ಎಂದು ಇನ್ನೊಬ್ಬರು ಕೇಳಿದರು. ಬೇಡ. ಫೆವಿಕ್ವಿಕ್ ಸ್ಟಡ್ ಪೂರ್ತಿ ಕೂರುವ ಮೊದಲೇ ಅರ್ಧದಲ್ಲಿ ಹಿಡಿದುಬಿಡಬಹುದು, ಎಂಜಿನ್ ಬಿಸಿಯನ್ನೂ ತಾಳದು. ಅರಾಲ್ಡೈಟ್ ಥ್ರೆಡ್ ತುಂಬಿ ಕಲ್ಲಾಗುತ್ತದೆ, ಮುಂದೆ ಕ್ಲೀನ್ ಮಾಡುವವರಿಗೆ ಕಷ್ಟ.

ತಂದೆಯ ಜಾವಾ ಸಿದ್ಧ ಮಾಡುತ್ತಿರುವ ಒಬ್ಬ ಅಕ್ಕ ಕೇಳಿದರು, ಹಿಂದೆ ಯಾರೋ ಕೆಂಪು ಹಾಕಿದ್ದಾರೆ ಅನ್ನಿಸುತ್ತದೆ, ಈಗ ಏನು ಮಾಡಲಿ ಅಂತ. ಸ್ಟಡ್ ನೇರ ಇದೆಯೇ, ಥ್ರೆಡ್ ಚೆನ್ನಾಗಿದೆಯೇ ಎಂದು ಕೇಳಿದೆ. ಎರಡಕ್ಕೂ ಹೌದು ಅಂದರು. ಹಾಗಾದರೆ ಮುಟ್ಟಬೇಡಿ ಅಕ್ಕ, ಹಾಗೇ ಇರಲಿ. ತೆಗೆಯಲೇಬೇಕಾದ ದಿನ ಬಂದರೆ ಕೇಸ್ ಪೂರ್ತಿ ಖಾಲಿ ಮಾಡಿಸಿ, ಬೆಂಕಿಯನ್ನು ಕೇಸಿಗೆ ಹಿಡಿಯದೆ ಸ್ಟಡ್‌ನ ಮೇಲ್ತುದಿಗೆ ಬಿಸಿ ಕೊಡಿಸಿ. ಬಿಸಿ ಸ್ಟಡ್ ಮೂಲಕ ಕೆಳಗಿಳಿಯಲಿ. ಸಣ್ಣಗೆ ಹಿಂದೆ ಮುಂದೆ ಆಡಿಸುತ್ತಾ ತಿರುಗಿಸಬೇಕು. ಗಟ್ಟಿ ಅನ್ನಿಸಿದರೆ ನಿಲ್ಲಿಸಿ, ಮತ್ತೆ ಬಿಸಿ ಮಾಡಿ. ಗಾಳಿ ಆಡುವ ಜಾಗದಲ್ಲಿ ಮಾಡಿಸಿ, ಅದರ ಹೊಗೆ ಒಳ್ಳೆಯದಲ್ಲ.

ಬಾಟಲಿ ಎಷ್ಟು ದಿನ ಬರುತ್ತದೆ ಎಂದು ಒಬ್ಬ ಹುಡುಗ ಕೇಳಿದ. ಮೇಲಿರುವ ತಾರೀಖು ನೋಡಬೇಕು, ಬಿಸಿಲಿಗೆ ಇಡಬಾರದು. ಬಾಟಲಿಯ ಮೂತಿಯನ್ನು ಲೋಹಕ್ಕೆ ತಾಗಿಸಬಾರದು, ಮಿಕ್ಕ ಹನಿಯನ್ನು ವಾಪಸ್ ಸುರಿಯಬಾರದು. ಕಬ್ಬಿಣದ ಒಂದು ಕಣ ಒಳಗೆ ಸೇರಿದರೂ ಪೂರಾ ಬಾಟಲಿ ಗಟ್ಟಿಯಾಗಬಹುದು.

ಮಾತು ಮುಗಿದ ಮೇಲೆ ಅದೇ ರೋಡ್‌ಕಿಂಗ್ ಕೇಸನ್ನು ಮೇಜಿನ ಮಧ್ಯಕ್ಕೆ ತಂದು ನಾಲ್ಕು ಹೊಸ ಸ್ಟಡ್ ಎಲ್ಲರೆದುರು ಹಾಕಿದೆವು. ಥ್ರೆಡ್ ಹೋದ ತೂತಿಗೆ ಹೆಲಿಕಾಯಿಲ್ ಹಾಕಿಸಿ ತಂದಿದ್ದೆ, ಅದಕ್ಕೆ ಮಾತ್ರ ಮೊದಲು ಆಕ್ಟಿವೇಟರ್ ಹೊಡೆದೆವು. ಕೊನೆಯ ಸ್ಟಡ್ ಅನ್ನು ಆ ಅಕ್ಕನೇ ಕೂರಿಸಿದರು. ಮೊದಲ ಸಲ ಎರಡು ಹನಿ ಜಾಸ್ತಿ ಬಿತ್ತು, ಒರೆಸಿ ಮತ್ತೆ ಹಾಕಿದರು. ಎತ್ತರ ಅಳೆದೆವು, ಬೋರ್ ಇಳಿಸಿ ತೆಗೆದೆವು, ಕೇಸಿನ ಮೇಲೆ ಹಳೆ ಬನಿಯನ್ ಬಟ್ಟೆ ಮುಚ್ಚಿದೆವು. ಸೋಮವಾರ ಸಂಜೆ ನಟ್ ಟೈಟ್ ಮಾಡಿದಾಗ ನಾಲ್ಕೂ ಸ್ಟಡ್ ಅಲುಗದೆ ನಿಂತಿದ್ದವು. ಒಂದು ನಟ್ ಬಿಚ್ಚಿಯೂ ನೋಡಿದೆ. ನಟ್ ಬಂತು, ಸ್ಟಡ್ ಅಲ್ಲೇ ಇತ್ತು.